ಗೋಡೆಯಿಲ್ಲದ ಕಚೇರಿ

ಮಾಲೂರು ಇಟ್ಟಿಗೆ ಹೆಂಚುಗಳಿಗೆ ಹೆಸರಾದ ಊರು. ಅಲ್ಲಿಯ ಗೂಡುಗಳಲ್ಲಿ ಸುಟ್ಟ ಇಟ್ಟಿಗೆ ಬಹುಕಾಲದಿಂದ ಬೆಂಗಳೂರಿಗೂ ಸುತ್ತಲ ಊರುಗಳಿಗೂ ಹೋಗಿ ಗೋಡೆಯಾಗಿ ನಿಂತಿದೆ. ಇಟ್ಟಿಗೆ ಹೋದ ದಿಕ್ಕಿನಲ್ಲಿಯೇ ಇಂದು ಊರಿನ ಯುವಕ ಯುವತಿಯರೂ ಹೋಗುತ್ತಾರೆ. ಬೆಳಗಿನ ರೈಲಿನಲ್ಲಿ ಹೊರಟು ವೈಟ್‌ಫೀಲ್ಡಿನಲ್ಲಿಯೋ ಕೃಷ್ಣರಾಜಪುರದಲ್ಲಿಯೋ ಇಳಿದು ಕೆಲಸದ ಸ್ಥಳವನ್ನು ಸೇರುವ ಇವರಲ್ಲಿ ಅನೇಕರು ದಿನದ ಎಂಟು ಒಂಬತ್ತು ಗಂಟೆಗಳನ್ನು ಕಳೆಯುವುದು ಒಳಗೋಡೆಗಳೇ ಇಲ್ಲದ ವಿಶಾಲವಾದ ಹಜಾರಗಳಲ್ಲಿ. ಒಂದೊಂದು ಹಜಾರದಲ್ಲಿಯೂ ನೂರಾರು ಮಂದಿ. ರೈಲು ಹಳಿಗಳಂತೆ ಉದ್ದಕ್ಕೆ ಸಾಗುವ ಮೇಜಿನ ಸಾಲುಗಳು. ಎದುರುಬದುರಾಗಿ ಇಟ್ಟ ಕಂಪ್ಯೂಟರುಗಳು. ಕುಳಿತಲ್ಲಿಂದ ತಲೆಯೆತ್ತಿದರೆ ಹಜಾರದ ಆ ಕೊನೆಯ ಕಿಟಕಿಯವರೆಗೂ ಕಣ್ಣಿಗೆ ಅಡ್ಡವಿಲ್ಲ. ಕಟ್ಟಡಶಿಲ್ಪಿಗಳು ಇದನ್ನು ಮುಕ್ತ ವಿನ್ಯಾಸದ ಕಚೇರಿ ಎಂದು ಕರೆಯುತ್ತಾರೆ.

ಗೋಡೆಯನ್ನು ತೆಗೆದರೆ ಮನುಷ್ಯರ ನಡುವಣ ಅಂತರವೂ ಹೋಗುತ್ತದೆ ಎಂಬುದು ಇಂತಹ ಕಚೇರಿಯ ಹಿಂದಿರುವ ನಂಬಿಕೆ. ಮೇಲಧಿಕಾರಿಯೂ ಹೊಸದಾಗಿ ಸೇರಿದವನೂ ಒಂದೇ ಸೂರಿನ ಕೆಳಗೆ, ಒಂದೇ ಬಗೆಯ ಮೇಜಿನ ಮುಂದೆ ಕುಳಿತರೆ ಮಾತು ಸಲೀಸಾಗುತ್ತದೆ, ಕೆಲಸ ಚುರುಕಾಗುತ್ತದೆ ಎನ್ನುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ತಿಳಿಯಬೇಕಾದರೆ, ಗೋಡೆ ಅದುವರೆಗೆ ಏನೇನು ಕೆಲಸ ಮಾಡುತ್ತಿತ್ತೆಂಬುದನ್ನು ಮೊದಲು ನೋಡಬೇಕು.

ಕನ್ನಡ ನಾಡಿಗೆ ಗೋಡೆಯಿಲ್ಲದ ಕಚೇರಿ ಹೊಸದಲ್ಲ. ಹಿಂದೆ ಹಳ್ಳಿಗಳಲ್ಲಿ ಶಾನುಭೋಗರ ಮನೆಯ ಜಗಲಿಯೇ ಕಚೇರಿಯಾಗಿತ್ತು. ಚಾಪೆಯ ಮೇಲೆ ಶಾನುಭೋಗರು, ಅವರ ಮುಂದೆ ಇಳಿಜಾರು ಮುಚ್ಚಳದ ಬರೆಯುವ ಪೆಟ್ಟಿಗೆ, ಪಕ್ಕದಲ್ಲಿ ಬಟ್ಟೆಯಲ್ಲಿ ಕಟ್ಟಿದ ಲೆಕ್ಕದ ಕಟ್ಟುಗಳು. ಕಂದಾಯದ ವಿಷಯವಾಗಿ ಒಬ್ಬ ರೈತನಿಗೆ ಹೇಳಿದ ಮಾತು ಜಗಲಿಯಲ್ಲಿ ಕುಳಿತ ಹತ್ತು ಮಂದಿಯ ಕಿವಿಗೂ ಬೀಳುತ್ತಿತ್ತು. ಕಚೇರಿ ಎಂಬ ಮಾತಿನಲ್ಲಿಯೇ ಈ ಬಹಿರಂಗದ ಅರ್ಥ ಅಡಗಿದೆ. ಸಂಗೀತಗಾರರು ಸಭೆಯಲ್ಲಿ ಹಾಡುವುದಕ್ಕೂ ನಾವು ಕಚೇರಿ ಎಂದೇ ಹೇಳುತ್ತೇವಲ್ಲವೆ?

ಸರ್ಕಾರದ ದೊಡ್ಡ ಕಚೇರಿಗಳೂ ಮೊದಲಿಗೆ ತೆರೆದ ಜಾಗದಲ್ಲಿಯೇ ಇದ್ದವು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡ ಮೇಲೆ, ಬೆಂಗಳೂರು ಕೋಟೆಯ ಟಿಪ್ಪುವಿನ ಅರಮನೆ ಅವರ ಕಚೇರಿಯಾಯಿತು. ತೇಗದ ಕಂಬಗಳ ಸಾಲಿನ ಮೇಲೆ ನಿಂತ ಆ ಅರಮನೆ ಗಾಳಿ ಬೆಳಕುಗಳಿಗೆ ತೆರೆದುಕೊಂಡ ಕಟ್ಟಡ. ದಫ್ತರು ಬೆಳೆಯಿತು, ಗುಮಾಸ್ತರು ಹೆಚ್ಚಿದರು. 1868ರಲ್ಲಿ ಕಚೇರಿಗಳೆಲ್ಲ ಹೊಸದಾಗಿ ಕಟ್ಟಿದ ಕೆಂಪು ಬಣ್ಣದ ಭವನಕ್ಕೆ ಸಾಗಿದವು. ಸರ್ಕಾರದ ಹದಿನೆಂಟು ಇಲಾಖೆಗಳಿಗಾಗಿ ಎದ್ದ ಕಟ್ಟಡವಾದುದರಿಂದ ಅದಕ್ಕೆ ಅಠಾರಾ ಕಚೇರಿ ಎಂದು ಹೆಸರು ಬಂತು; ಹಿಂದೂಸ್ತಾನಿಯಲ್ಲಿ ಅಠಾರಾ ಎಂದರೆ ಹದಿನೆಂಟು. ಇಂದು ಅಲ್ಲಿ ಉಚ್ಚ ನ್ಯಾಯಾಲಯವಿದೆ. ಕಂಬದ ಸಾಲಿನಿಂದ ಕೊಠಡಿಗೆ ಬಂದುದು ಆ ಕಾಲಕ್ಕೆ ಪ್ರಗತಿಯ ಹೆಜ್ಜೆ.

ಕೊಠಡಿ ಬಂದೊಡನೆ ಅದರ ಹಿಂದೆಯೇ ಕೊಠಡಿಯ ಶಿಷ್ಟಾಚಾರವೂ ಬಂತು. ಸಾಹೇಬರ ಕೊಠಡಿಗೆ ಎದೆಯೆತ್ತರದ ಅರ್ಧಬಾಗಿಲು, ಹೊರಗೆ ಸ್ಟೂಲಿನ ಮೇಲೆ ಡವಾಲಿ ಹಾಕಿದ ಜವಾನ, ಒಳಗಿನಿಂದ ಗಂಟೆಯ ಸದ್ದು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ಅಧಿಕಾರಿಗಳಾಗಿ ದುಡಿದುದು ಇಂತಹ ಕಚೇರಿಗಳ ಕಾಲದಲ್ಲಿ. 1951ರ ಜುಲೈ 13ರಂದು ಜವಾಹರಲಾಲ್ ನೆಹರು ಅವರು ವಿಧಾನಸೌಧಕ್ಕೆ ಅಡಿಗಲ್ಲನ್ನಿಟ್ಟರು. ಆಗ ಮುಖ್ಯಮಂತ್ರಿಯಾಗಿದ್ದವರು ಕೋಲಾರ ಜಿಲ್ಲೆಯವರೇ ಆದ ಕೆ. ಸಿ. ರೆಡ್ಡಿಯವರು. ಕೆಂಗಲ್ ಹನುಮಂತಯ್ಯನವರ ಆಸಕ್ತಿಯಿಂದ ಇನ್ನಷ್ಟು ಭವ್ಯವಾಗಿ ಬೆಳೆದು 1956ರಲ್ಲಿ ಮುಗಿದ ಆ ಸೌಧದಲ್ಲಿಯೂ ನಡುವೆ ಓಣಿ, ಬದಿಗಳಲ್ಲಿ ಕೊಠಡಿಗಳು. ಒಬ್ಬ ಅಧಿಕಾರಿಯ ಸ್ಥಾನವನ್ನು ಅವನ ಕೊಠಡಿಯ ಅಗಲದಿಂದಲೇ ಅಳೆಯಬಹುದಾಗಿತ್ತು.

ಹಳೆಯ ಕಾಲದಲ್ಲಿ ಗೋಡೆ ಬೇಕಾಗಿದ್ದುದು ಮರ್ಯಾದೆಗಾಗಿ ಮಾತ್ರವಲ್ಲ. ಛಾವಣಿಯ ಭಾರವನ್ನು ಹೊರುತ್ತಿದ್ದುದೇ ಗೋಡೆ. ಅದನ್ನು ಒಡೆದರೆ ಮಾಡು ಕುಸಿಯುತ್ತಿತ್ತು. ಉಕ್ಕು, ಕಾಂಕ್ರೀಟುಗಳ ಕಂಬ ಮತ್ತು ತೊಲೆಗಳು ಬಂದ ಮೇಲೆ ಭಾರವೆಲ್ಲ ಅವುಗಳ ಮೇಲೆ ಬಿತ್ತು. ಗೋಡೆ ಬರಿಯ ಮರೆಯಾಗಿ ಉಳಿಯಿತು. ಬರಿಯ ಮರೆಯನ್ನು ಯಾರು ಬೇಕಾದರೂ ತೆಗೆಯಬಹುದು.

ಮೊದಲು ತೆಗೆದವರಲ್ಲಿ ಅಮೆರಿಕದ ಹೆಸರಾಂತ ಕಟ್ಟಡಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಒಬ್ಬ. ಬಫಲೋ ನಗರದಲ್ಲಿ ಲಾರ್ಕಿನ್ ಎಂಬ ಸಾಬೂನು ವ್ಯಾಪಾರದ ಸಂಸ್ಥೆಗಾಗಿ ಅವನು ರೂಪಿಸಿದ ಕಚೇರಿ 1906ರಲ್ಲಿ ಸಿದ್ಧವಾಯಿತು. ನಮ್ಮ ತೊಟ್ಟಿಮನೆಯನ್ನು ಕಂಡವರಿಗೆ ಅದರ ಒಳವಿನ್ಯಾಸ ಸುಲಭವಾಗಿ ಅರ್ಥವಾಗುತ್ತದೆ. ನಡುವೆ ತೊಟ್ಟಿಯಂತಹ ಎತ್ತರದ ಅಂಗಳ. ಅದರ ಮೇಲೆ ಗಾಜಿನ ಮಾಡು. ಸುತ್ತಲೂ ಅಂತಸ್ತು ಅಂತಸ್ತಾಗಿ ಮೊಗಸಾಲೆಗಳು. ಬೆಳಕು ಮೇಲಿನಿಂದ ಇಳಿದು ಗುಮಾಸ್ತರ ಮೇಜುಗಳ ಮೇಲೆ ಬೀಳುತ್ತಿತ್ತು. ಆದರೆ ತೊಟ್ಟಿಮನೆಯಲ್ಲಿಲ್ಲದ ಒಂದು ಗುಣ ಅಲ್ಲಿತ್ತು. ಮೊಗಸಾಲೆಯಲ್ಲಿ ನಿಂತವನಿಗೆ ಕೆಳಗಿನ ಪ್ರತಿಯೊಬ್ಬ ಗುಮಾಸ್ತನೂ ಕಾಣುತ್ತಿದ್ದ. ಮುಕ್ತ ಕಚೇರಿಯಲ್ಲಿ ಬೆಳಕು ಮತ್ತು ಕಾವಲು ಹುಟ್ಟಿನಿಂದಲೇ ಜೊತೆಯಾಗಿ ಬಂದಿವೆ, ಇದನ್ನು ಮರೆಯಲಾಗದು. ಆ ಕಟ್ಟಡವನ್ನು 1950ರಲ್ಲಿ ಕೆಡವಿದರು.

ಅದೇ ರೈಟ್ ರಸೀನ್ ಎಂಬ ಊರಿನಲ್ಲಿ ಜಾನ್ಸನ್ ವ್ಯಾಕ್ಸ್ ಸಂಸ್ಥೆಗಾಗಿ ಕಟ್ಟಿದ, 1939ರಲ್ಲಿ ಮುಗಿದ ಕಚೇರಿಯ ಕಥೆ ಇನ್ನೂ ಸ್ವಾರಸ್ಯವಾದುದು. ಹಜಾರದ ತುಂಬ ಕಂಬಗಳು. ಪ್ರತಿಯೊಂದೂ ಬುಡದಲ್ಲಿ ಸಣ್ಣ, ಮೇಲೆ ತಾವರೆಯ ಎಲೆಯಂತೆ ಅಗಲ. ಇಷ್ಟು ತೆಳುವಾದ ಕಂಬ ಭಾರ ತಡೆಯಲಾರದೆಂದು ಅಧಿಕಾರಿಗಳು ಶಂಕಿಸಿದರು. 12 ಟನ್ ಹೊರಬೇಕಾಗಿದ್ದ ಕಂಬದ ಮಾದರಿಯೊಂದರ ಮೇಲೆ 1937ರಲ್ಲಿ ಮರಳಿನ ಚೀಲಗಳನ್ನೂ ಕಬ್ಬಿಣವನ್ನೂ ಪೇರಿಸುತ್ತಾ ಹೋದರು. ಭಾರ 60 ಟನ್ ತಲುಪುವವರೆಗೂ ಕಂಬ ಅಲುಗಲಿಲ್ಲ. ಕಂಬ ಗೆದ್ದಿತು, ಕುರ್ಚಿ ಸೋತಿತು. ರೈಟ್ ಅಲ್ಲಿಯ ಕೆಲಸಗಾರರಿಗೆ ಮೂರೇ ಕಾಲಿನ ಕುರ್ಚಿಗಳನ್ನು ಮಾಡಿಸಿದ್ದ. ಅಚ್ಚುಕಟ್ಟಾಗಿ ನೆಟ್ಟಗೆ ಕುಳಿತುಕೊಳ್ಳದವರನ್ನು ಆ ಕುರ್ಚಿ ಉರುಳಿಸಿಬಿಡುತ್ತಿತ್ತು. ಮುಂದೆ ಅದಕ್ಕೆ ನಾಲ್ಕನೆಯ ಕಾಲು ಸೇರಿತು. ಕಣ್ಣಿಗೆ ಚೆಂದವಾಗಿ ಕಾಣುವುದು ಬೇರೆ, ದೇಹಕ್ಕೆ ಒಗ್ಗುವುದು ಬೇರೆ.

1950ರ ದಶಕದ ಕೊನೆಯ ವೇಳೆಗೆ ಜರ್ಮನಿಯಲ್ಲಿ ಇನ್ನೊಂದು ಆಲೋಚನೆ ಮೂಡಿತು. ಹ್ಯಾಂಬರ್ಗ್ ಬಳಿಯ ಕ್ವಿಕ್‌ಬಾರ್ನ್‌ನಲ್ಲಿ ಷ್ನೆಲ್ಲೆ ಎಂಬ ಅಣ್ಣತಮ್ಮಂದಿರು, ಕಾಗದಪತ್ರಗಳು ಯಾರ ಮೇಜಿನಿಂದ ಯಾರ ಮೇಜಿಗೆ ಹೋಗುತ್ತವೆ, ಯಾರು ಯಾರೊಡನೆ ಮಾತನಾಡಬೇಕಾಗುತ್ತದೆ ಎಂಬುದನ್ನು ಪರಿಶೀಲಿಸಿ, ಅದಕ್ಕೆ ತಕ್ಕಂತೆ ಮೇಜುಗಳನ್ನು ಗುಂಪು ಗುಂಪಾಗಿ ಇಡತೊಡಗಿದರು. ಸೈನ್ಯದ ಸಾಲು ಹೋಯಿತು. ಗುಂಪುಗಳ ನಡುವೆ ಗಿಡದ ಕುಂಡಗಳು, ಕಿರುಮರೆಗಳು, ನೆಲಕ್ಕೆ ಜಮಖಾನ ಬಂದವು. ಅಮೆರಿಕದ ರಾಬರ್ಟ್ ಪ್ರಾಪ್ಸ್ಟ್ ಎಂಬಾತ ಹರ್ಮನ್ ಮಿಲ್ಲರ್ ಸಂಸ್ಥೆಗಾಗಿ 1968ರಲ್ಲಿ ಜೋಡಿಸಬಲ್ಲ ಹಲಗೆಗಳ ಕಚೇರಿಯನ್ನು ಹೊರತಂದ. ಕೆಲಸಗಾರನು ತನಗೆ ಬೇಕಾದಂತೆ ಹಲಗೆಗಳನ್ನು ಓರೆಯಾಗಿ ನಿಲ್ಲಿಸಿಕೊಳ್ಳಲಿ, ಬೇಕೆಂದಾಗ ಎದ್ದು ನಿಂತು ಕೆಲಸ ಮಾಡಲಿ ಎಂಬುದು ಅವನ ಆಸೆ. ಕೊಂಡ ಸಂಸ್ಥೆಗಳು ಆ ಆಸೆಯನ್ನು ಕೊಳ್ಳಲಿಲ್ಲ; ಹಲಗೆಗಳನ್ನು ಮಾತ್ರ ಕೊಂಡವು. ಓರೆ ನೇರವಾಯಿತು, ಜಾಗ ಕಿರಿದಾಯಿತು. ಪಾರಿವಾಳದ ಗೂಡುಗಳಂತಹ ಕ್ಯೂಬಿಕಲ್‌ಗಳು ಹುಟ್ಟಿಕೊಂಡವು. ತನ್ನ ಕೊನೆಗಾಲದಲ್ಲಿ ಪ್ರಾಪ್ಸ್ಟನೇ ಅವುಗಳನ್ನು ಖಂಡಿಸಿದ.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಬೆಳೆದುದು ಇದಾದ ಮೇಲೆ. ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು; 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರವನ್ನು ತೆರೆಯಿತು; 1994ರಲ್ಲಿ ಇನ್ಫೋಸಿಸ್ ಎಲೆಕ್ಟ್ರಾನಿಕ್ಸ್ ಸಿಟಿಯ ಆವರಣಕ್ಕೆ ಹೋಯಿತು. ಆಮೇಲೆ ಎದ್ದ ಟೆಕ್ ಪಾರ್ಕುಗಳಲ್ಲಿ ಮೊದಲಿಗೆ ಕ್ಯೂಬಿಕಲ್‌ಗಳಿದ್ದವು. ವರ್ಷದಿಂದ ವರ್ಷಕ್ಕೆ ಅವುಗಳ ಮರೆಹಲಗೆ ತಲೆಯೆತ್ತರದಿಂದ ಭುಜದೆತ್ತರಕ್ಕೆ, ಭುಜದಿಂದ ಎದೆಯ ಮಟ್ಟಕ್ಕೆ ಇಳಿಯಿತು. ಅನೇಕ ಕಡೆ ಪೂರ್ತಿ ಮಾಯವಾಗಿ ಸಾಲುಮೇಜು ಮಾತ್ರ ಉಳಿಯಿತು. ಇದಕ್ಕೆ ಸಮಾನತೆಯ ಕಾರಣವನ್ನು ಕೊಡುವವರಿದ್ದಾರೆ. ಆದರೆ ನಗರದಲ್ಲಿ ಕಚೇರಿಯ ಬಾಡಿಗೆಯನ್ನು ಚದರಡಿಯ ಲೆಕ್ಕದಲ್ಲಿ ತೆರಬೇಕು. ಗೋಡೆ ಹೋದರೆ ಅದೇ ಚದರಡಿಗಳಲ್ಲಿ ಹೆಚ್ಚು ಕುರ್ಚಿಗಳು ಹಿಡಿಯುತ್ತವೆ. ಈ ಎರಡನೆಯ ಕಾರಣವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಅಷ್ಟೆ.

ಗೋಡೆಯನ್ನು ತೆಗೆದವನು ಅದು ಮಾಡುತ್ತಿದ್ದ ಕೆಲಸಗಳನ್ನು ಬೇರೆ ಯಾವುದಕ್ಕಾದರೂ ವಹಿಸಬೇಕು. ಒಳಾಂಗಣ ವಿನ್ಯಾಸಕಾರನ ವಿದ್ಯೆಯೆಲ್ಲ ಇರುವುದು ಇಲ್ಲಿಯೇ. ಗೋಡೆಗೆ ಬಣ್ಣ ಬಳಿದು ಮೂಲೆಗೊಂದು ಕುಂಡವನ್ನಿಡುವುದೇ ಅವನ ಕೆಲಸವೆಂದು ತಿಳಿಯುವುದು ಸರಿಯಲ್ಲ.

ಎಲ್ಲಕ್ಕಿಂತ ಕಠಿಣವಾದುದು ಶಬ್ದದ ಪ್ರಶ್ನೆ. ಶಬ್ದವನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಮೀಟರ್ ದೂರದಲ್ಲಿ ಕುಳಿತವರ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್. ಎರಡೂ ಕಡೆ ಗಾರೆ ಮಾಡಿದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬೆಲ್‌ನಷ್ಟು ಶಬ್ದವನ್ನು ತಡೆಯುತ್ತದೆ. ಈ ಮಾನದಲ್ಲಿ ಹತ್ತು ಹತ್ತು ಇಳಿದಂತೆಲ್ಲ ಶಬ್ದದ ಶಕ್ತಿ ಹತ್ತರಲ್ಲಿ ಒಂದು ಪಾಲಾಗುತ್ತದೆ. ಆದುದರಿಂದ 50 ಡೆಸಿಬೆಲ್ ತಡೆಯಿತೆಂದರೆ, ಶಕ್ತಿಯ ಲಕ್ಷದಲ್ಲಿ ಒಂದು ಪಾಲು ಮಾತ್ರ ಆಚೆಗೆ ದಾಟಿತೆಂದು ಅರ್ಥ. ಮಾಲೂರಿನ ಸಾಧಾರಣ ಇಟ್ಟಿಗೆಯ ಸಾಮರ್ಥ್ಯ ಇಂತಹುದು! ಎದೆಯೆತ್ತರದ ಮರೆಹಲಗೆಗಾದರೋ ಹತ್ತು ಡೆಸಿಬೆಲ್ ತಡೆಯುವುದೇ ಪ್ರಯಾಸ. ಶಬ್ದ ಅದರ ತಲೆಯ ಮೇಲಿನಿಂದ ಹಾಯ್ದು, ಛಾವಣಿಗೆ ಬಡಿದು, ಮೂರನೆಯ ಮೇಜಿನವರ ಕಿವಿಗೆ ಇಳಿಯುತ್ತದೆ.

ಅದಕ್ಕಾಗಿ ವಿನ್ಯಾಸಕಾರರು ಮೊದಲು ಛಾವಣಿಗೆ ಕೈಹಾಕುತ್ತಾರೆ. ಕಾಂಕ್ರೀಟಿನ ಕೆಳಗೆ ತೂಗುಬಿಟ್ಟ ಫಾಲ್ಸ್ ಸೀಲಿಂಗ್‌ನ ಬಿಲ್ಲೆಗಳು ಖನಿಜದ ಎಳೆಗಳಿಂದ ಮಾಡಿದವು. ಅವುಗಳಲ್ಲಿನ ಸಣ್ಣ ಸಣ್ಣ ರಂಧ್ರಗಳನ್ನು ಹೊಕ್ಕ ಶಬ್ದ ಅಲ್ಲಿಯೇ ತಿಕ್ಕಾಡಿ ಸೊರಗುತ್ತದೆ. ನೆಲಕ್ಕೆ ಹಾಸಿದ ಕಾರ್ಪೆಟ್ ನಡೆದಾಡುವ ಸದ್ದನ್ನು ನುಂಗುತ್ತದೆ. ಇಷ್ಟರಿಂದಲೂ ಸಾಲದು. ಏಕೆಂದರೆ ಮನಸ್ಸನ್ನು ಕೆಡಿಸುವುದು ಶಬ್ದದ ಜೋರಲ್ಲ, ಅದರ ಅರ್ಥ. ಗಡಗಡನೆ ಸಾಗುವ ರೈಲಿನಲ್ಲಿ ನಿದ್ದೆ ಮಾಡುವವನು, ಪಕ್ಕದ ಆಸನದವರು ಮೆಲುದನಿಯಲ್ಲಿ ತನ್ನ ಊರಿನ ಸುದ್ದಿಯನ್ನೆತ್ತಿದರೆ ಎಚ್ಚರಗೊಳ್ಳುತ್ತಾನೆ. ತಿಳಿಯುವ ಮಾತು ಕಿವಿಗೆ ಬಿದ್ದಾಗ ಅದನ್ನು ಕೇಳಬಾರದೆಂದು ಮನಸ್ಸಿಗೆ ಆಜ್ಞೆ ಮಾಡಲು ಆಗುವುದಿಲ್ಲ. ಲೆಕ್ಕ ತಪ್ಪುತ್ತದೆ, ಬರೆಯುತ್ತಿದ್ದ ವಾಕ್ಯ ಕಡಿಯುತ್ತದೆ. ಆದಕಾರಣ ಕೆಲವು ಕಚೇರಿಗಳಲ್ಲಿ ವಿಚಿತ್ರವಾದ ಉಪಾಯವನ್ನು ಮಾಡಿದ್ದಾರೆ. ಛಾವಣಿಯ ಮರೆಯಲ್ಲಿ ಧ್ವನಿವರ್ಧಕಗಳನ್ನಿಟ್ಟು, ದೂರದಲ್ಲಿ ಸುರಿಯುವ ಮಳೆಯಂತಹ ಹದವಾದ ಸದ್ದನ್ನು ದಿನವಿಡೀ ಹೊರಡಿಸುತ್ತಾರೆ. ಆ ಮಳೆಯಲ್ಲಿ ದೂರದ ಮೇಜಿನ ಮಾತು ಕರಗಿ ಅರ್ಥವಿಲ್ಲದ ಗುಜುಗುಜು ಆಗುತ್ತದೆ. ಸದ್ದನ್ನು ಸದ್ದಿನಿಂದಲೇ ಅಡಗಿಸುವ ಈ ಉಪಾಯ ಇಲ್ಲದಲ್ಲಿ, ಕೆಲಸಗಾರರು ತಾವಾಗಿಯೇ ಕಿವಿಗೆ ಹೆಡ್‌ಫೋನ್ ಏರಿಸಿಕೊಳ್ಳುತ್ತಾರೆ.

ಬೆಳಕಿನ ವಿಷಯ ಇಷ್ಟು ತೊಡಕಿನದಲ್ಲ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವೋ ಸುಮಾರಾಗಿ ಅದರ ಎರಡರಷ್ಟು ದೂರದವರೆಗೆ ಮಾತ್ರ ಹಗಲಿನ ಬೆಳಕು ಕೆಲಸಕ್ಕೆ ಬರುತ್ತದೆ. ಅಲ್ಲಿಂದ ಒಳಗೆ ದೀಪವೇ ಗತಿ. ಓದು ಬರಹಕ್ಕೆ ಮೇಜಿನ ಮೇಲೆ 300ರಿಂದ 500 ಲಕ್ಸ್ ಬೆಳಕು ಸಾಕು; ಹೊರಗೆ ನಡುಹಗಲ ಬಿಸಿಲು ಲಕ್ಷ ಲಕ್ಸ್ ಮುಟ್ಟುತ್ತದೆ. ಕಂಪ್ಯೂಟರಿನ ಹಿಂದೆ ಕಿಟಕಿಯಿದ್ದರೆ ಕಣ್ಣು ಕೋರೈಸುತ್ತದೆ, ಎದುರಿಗಿದ್ದರೆ ಪರದೆಯ ಮೇಲೆ ಪ್ರತಿಬಿಂಬ ಬೀಳುತ್ತದೆ, ಪಕ್ಕಕ್ಕಿರುವುದೇ ಮೇಲು. ಹಿಂದೆ ಕಿಟಕಿಯ ಬದಿಯೆಲ್ಲ ಹಿರಿಯ ಅಧಿಕಾರಿಗಳ ಕೊಠಡಿಗಳಿಗೆ ಮೀಸಲಾಗಿತ್ತು, ಗುಮಾಸ್ತರಿಗೆ ನಡುಕತ್ತಲೆ. ಆ ಕೊಠಡಿಗಳನ್ನು ತೆಗೆದು ಹಗಲಿನ ಬೆಳಕನ್ನು ಎಲ್ಲರಿಗೂ ಹಂಚಿದುದು ಮುಕ್ತ ಕಚೇರಿಯ ನಿಜವಾದ ಉಪಕಾರ.

ಗಾಳಿಯ ವಿಷಯದಲ್ಲಿ ಹಂಚಿಕೆಯೇ ಕಷ್ಟ. ನೂರು ಮಂದಿಗೆ ಒಂದೇ ಏಸಿ. ಒಬ್ಬರಿಗೆ ಹಿತವಾದುದು ಇನ್ನೊಬ್ಬರಿಗೆ ಚಳಿ. ಕಚೇರಿಗಳ ಉಷ್ಣತೆಯ ಲೆಕ್ಕಕ್ಕೆ 1960ರ ದಶಕದಿಂದ ಆಧಾರವಾಗಿದ್ದುದು 70 ಕಿಲೋ ತೂಕದ ನಲವತ್ತು ವರ್ಷದ ಗಂಡಸಿನ ದೇಹವೆಂದು, ಹೆಂಗಸರ ದೇಹ ಹುಟ್ಟಿಸುವ ಶಾಖ ಅದಕ್ಕಿಂತ ಕಡಮೆಯೆಂದು 2015ರಲ್ಲಿ ನೆದರ್‌ಲೆಂಡ್ಸಿನ ಇಬ್ಬರು ವಿಜ್ಞಾನಿಗಳು ತೋರಿಸಿದರು. ಬೇಸಗೆಯಲ್ಲಿಯೂ ಶಾಲು ಹೊದ್ದು ಕೆಲಸ ಮಾಡುವ ಹೆಣ್ಣುಮಕ್ಕಳು ಸುಕುಮಾರಿಯರಲ್ಲ; ಆ ಹಜಾರದ ಹವೆಯ ಲೆಕ್ಕದಲ್ಲಿ ಅವರು ಸೇರಿರಲಿಲ್ಲ.

ಗೋಡೆ ಮಾಡುತ್ತಿದ್ದ ಇನ್ನೊಂದು ಕೆಲಸ ದೃಷ್ಟಿಯನ್ನು ತಡೆಯುವುದು. ಅರ್ಧಬಾಗಿಲಿನ ಹಿಂದೆ ಸಾಹೇಬರು ಏನು ಮಾಡುತ್ತಿದ್ದಾರೆಂಬುದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಮುಕ್ತ ಹಜಾರದಲ್ಲಿ ಎಲ್ಲರೂ ಎಲ್ಲರಿಗೂ ಕಾಣುತ್ತಾರೆ ಎನ್ನುತ್ತಾರಾದರೂ, ಬೆನ್ನು ಯಾರಿಗೆ ಕಾಣುತ್ತದೆ ಎಂಬುದು ಮುಖ್ಯ. ದಾರಿಗೆ ಬೆನ್ನು ಮಾಡಿ ಕುಳಿತವನ ಪರದೆಯನ್ನು ಹಾದುಹೋಗುವ ಪ್ರತಿಯೊಬ್ಬರೂ ನೋಡಬಲ್ಲರು. ಗೋಡೆಗೆ ಬೆನ್ನು ಕೊಟ್ಟವನದನ್ನು ಯಾರೂ ನೋಡರು. ಹಿರಿಯರು ಯಾವ ಕುರ್ಚಿಯನ್ನು ಆರಿಸಿಕೊಳ್ಳುತ್ತಾರೆಂಬುದನ್ನು ಹೇಳಬೇಕಾದುದಿಲ್ಲ.

ನೋಡುವ ಹಕ್ಕನ್ನು ತಿರುಗುಮುರುಗು ಮಾಡಿದ ಉದಾಹರಣೆ ಕರ್ನಾಟಕದಲ್ಲಿಯೇ ಇದೆ. ಅದು ಟೆಕ್ ಪಾರ್ಕಿನಲ್ಲಿ ನಡೆದುದಲ್ಲ, ತಾಲ್ಲೂಕು ಕಚೇರಿಯಲ್ಲಿ ನಡೆದುದು. 2002ರ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ರೈತರು 15 ರೂಪಾಯಿ ಕೊಟ್ಟು ಪಹಣಿಯನ್ನು ಪಡೆಯುವಂತಾಯಿತು. ಆ ಕೇಂದ್ರಗಳಲ್ಲಿ ಕಂಪ್ಯೂಟರಿಗೆ ಎರಡನೆಯ ಪರದೆಯೊಂದನ್ನು ಜೋಡಿಸಿ, ಅದನ್ನು ರೈತನ ಕಡೆಗೆ ತಿರುಗಿಸಿ ಇಡುವ ಏರ್ಪಾಡಾಯಿತು. ಒಳಗಿನವರು ಏನನ್ನು ತೆರೆದರು, ಏನನ್ನು ಬರೆದರು ಎಂಬುದು ಕಟಕಟೆಯ ಹೊರಗೆ ನಿಂತವನಿಗೂ ಕಂಡಿತು. ಶಾನುಭೋಗರ ಜಗಲಿಯಲ್ಲಿ ಮಾತು ಹತ್ತು ಮಂದಿಗೆ ಕೇಳುತ್ತಿತ್ತೇ ಹೊರತು, ಲೆಕ್ಕದ ಕಟ್ಟು ಮಾತ್ರ ಅವರ ಕಡೆಗೇ ತಿರುಗಿರುತ್ತಿತ್ತು. ಗೋಡೆಯನ್ನು ಮುಟ್ಟದೆ, ಒಂದು ಪರದೆಯ ಮುಖವನ್ನು ಬದಲಿಸಿ ಸಾಧಿಸಿದ ಮುಕ್ತತೆ ಇದು. ಒಳಾಂಗಣ ವಿನ್ಯಾಸದ ಪುಸ್ತಕಗಳು ಇದನ್ನು ಗಣಿಸುವುದಿಲ್ಲವಾದರೂ ಗಣಿಸುವುದು ನ್ಯಾಯ.

ಗೋಡೆ ಹೋದರೆ ಮಾತು ಹೆಚ್ಚುತ್ತದೆ ಎಂಬ ಮೊದಲಿನ ನಂಬಿಕೆಯನ್ನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಬರ್ನ್‌ಸ್ಟೀನ್ ಮತ್ತು ಟರ್ಬನ್ ಎಂಬ ಸಂಶೋಧಕರು ಪರೀಕ್ಷಿಸಿ ನೋಡಿದರು. ಎರಡು ದೊಡ್ಡ ಸಂಸ್ಥೆಗಳು ತಮ್ಮ ಪ್ರಧಾನ ಕಚೇರಿಗಳ ಮರೆಗಳನ್ನು ತೆಗೆಯುವುದಕ್ಕೆ ಮೊದಲೂ ತೆಗೆದ ಮೇಲೂ, ಕೆಲಸಗಾರರ ಕೊರಳಿಗೆ ಸಣ್ಣ ಉಪಕರಣವನ್ನು ಹಾಕಿ, ಯಾರು ಯಾರೊಡನೆ ಎದುರುಬದುರಾಗಿ ಎಷ್ಟು ಹೊತ್ತು ಮಾತನಾಡುತ್ತಾರೆಂದು ಅಳೆದರು. 2018ರಲ್ಲಿ ಹೊರಬಂದ ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ಮುಖಾಮುಖಿ ಮಾತು ಸುಮಾರು ನೂರಕ್ಕೆ ಎಪ್ಪತ್ತರಷ್ಟು ಇಳಿದಿತ್ತು. ಅದರ ಬದಲಿಗೆ ಇ-ಮೇಲ್ ಏರಿತ್ತು. ಹತ್ತು ಮಂದಿ ಕೇಳುವಲ್ಲಿ ಒಬ್ಬರೊಡನೆ ಮನಬಿಚ್ಚಿ ಮಾತನಾಡಲು ಮನುಷ್ಯ ಹಿಂಜರಿಯುತ್ತಾನೆ. ಮೂರು ಅಡಿ ದೂರದಲ್ಲಿರುವವರಿಗೆ ಕಾಗದ ಬರೆಯುತ್ತಾನೆ. ಕಲ್ಲು ಇಟ್ಟಿಗೆಗಳ ಗೋಡೆ ಇಲ್ಲದ ಕಡೆ, ತಲೆ ತಗ್ಗಿಸಿ, ಕಿವಿ ಮುಚ್ಚಿ, ತನ್ನ ಸುತ್ತ ತಾನೇ ಒಂದನ್ನು ಕಟ್ಟಿಕೊಳ್ಳುತ್ತಾನೆ.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಸೋಂಕಿನಿಂದಾಗಿ ಈ ಹಜಾರಗಳೆಲ್ಲ ಒಮ್ಮೆಲೇ ಬರಿದಾದವು. ನಗರದ ಮೇಜುಗಳು ಮಾಲೂರಿನ ಮನೆಗಳಿಗೆ ಬಂದವು. ಪಡಸಾಲೆಯ ಮೂಲೆಯಲ್ಲಿ, ಅಡುಗೆಮನೆಯ ಸದ್ದಿನ ನಡುವೆ ಕಚೇರಿ ನಡೆಯಿತು. ಮರಳಿ ಹೋದಾಗ ಅನೇಕ ಸಂಸ್ಥೆಗಳಲ್ಲಿ ಯಾರಿಗೂ ತಮ್ಮದೆಂಬ ಮೇಜು ಉಳಿದಿರಲಿಲ್ಲ. ದಿನವೂ ಯಾವ ಮೇಜು ಖಾಲಿಯಿದೆಯೋ ಅದರ ಮುಂದೆ ಕುಳಿತು, ಸಂಜೆ ಸಾಮಾನನ್ನೆಲ್ಲ ಲಾಕರಿನಲ್ಲಿಟ್ಟು ಬರುವ ಪದ್ಧತಿ ಬಂದಿತು. ಮಗುವಿನ ಭಾವಚಿತ್ರ, ಮನೆದೇವರ ಪಟ, ಆಯುಧಪೂಜೆಯಂದು ಪರದೆಯ ಅಂಚಿಗೆ ಇಟ್ಟ ಕುಂಕುಮ, ಇವುಗಳಿಗೆ ಅಂತಹ ಮೇಜಿನ ಮೇಲೆ ನಾಳೆಯಿಲ್ಲ. ಚದರಡಿಯ ಲೆಕ್ಕ ಹಾಕುವವರಿಗೆ ಇದು ಅಲ್ಪ ವಿಷಯವಾಗಿ ತೋರಬಹುದು.

ವಿನ್ಯಾಸಕಾರರಿಗೆ ಹಾಗೆ ತೋರಿಲ್ಲ. ಈಚಿನ ವರ್ಷಗಳ ಕಚೇರಿಗಳಲ್ಲಿ ಹಜಾರದ ನಡುವೆ ಅಲ್ಲಲ್ಲಿ ಸಣ್ಣ ಗೂಡುಗಳು ಕಾಣತೊಡಗಿವೆ. ಹಿಂದಿನ ಟೆಲಿಫೋನ್ ಬೂತಿನಷ್ಟೇ ಅಗಲ. ಮುಂದೆ ಗಾಜಿನ ಬಾಗಿಲು, ಒಳಗೆ ಒಂದು ಪೀಠ, ಒಂದು ದೀಪ, ಗಾಳಿಗೊಂದು ಸಣ್ಣ ಫ್ಯಾನು, ಗೋಡೆಗಳಿಗೆಲ್ಲ ದಪ್ಪ ಉಣ್ಣೆಯಂತಹ ಹೊದಿಕೆ. ಊರಿನಿಂದ ತಾಯಿಯ ಕರೆ ಬಂದವರು, ಕಠಿಣವಾದ ಲೆಕ್ಕವೊಂದನ್ನು ಬಿಡಿಸಬೇಕಾದವರು ಅದರೊಳಗೆ ಹೊಕ್ಕು ಬಾಗಿಲು ಮುಚ್ಚಿಕೊಳ್ಳುತ್ತಾರೆ. ನೂರಾರು ಮಂದಿಯ ಹಜಾರಕ್ಕೆ ಇಂತಹವು ನಾಲ್ಕೋ ಐದೋ ಇರುತ್ತವೆ. ಅವುಗಳ ಮುಂದೆ ಸರದಿಗಾಗಿ ಕಾಯುವವರು ಇದ್ದೇ ಇರುತ್ತಾರೆ.